ಬಾಯಿ ಬಿಡುವುದಿಲ್ಲ ಎಂದು ಮನಿಲಾಕ್ಕೆ ಹೋದದ್ದು

ಹೊರಡುವ ಮೊದಲು, ಹೊನ್ನಾಳಿಯಲ್ಲಿ

ವಿದೇಶಕ್ಕೆ ಹೊರಟವರು ಪಾಸ್‌ಪೋರ್ಟಿಗೆ ಹೆದರುತ್ತಾರೆ, ವಿಮಾನಕ್ಕೆ ಹೆದರುತ್ತಾರೆ, ಅಲ್ಲಿಯ ಊಟಕ್ಕೆ ಹೆದರುತ್ತಾರೆ. ಇವೆಲ್ಲಕ್ಕೂ ನಾನೂ ಹೆದರಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಫಿಲಿಪ್ಪೀನ್ಸಿಗೆ ಹೋಗಿ ಬಂದ ಅಷ್ಟೂ ದಿನ ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಹೆದರಿಸಿದವರು ಹೊನ್ನಾಳಿಯ ರುದ್ರೇಶಪ್ಪ ಮೇಷ್ಟ್ರು. ಅವರು ನಮ್ಮ ಜೊತೆ ಬಂದಿರಲೂ ಇಲ್ಲ. ಹೊನ್ನಾಳಿಯಲ್ಲೇ ಇದ್ದರು.

ನನ್ನ ಹೆಸರು ಅನ್ವರ್. ಚನ್ನಗಿರಿಯಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡು ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೊ ತೆಗೆಯುತ್ತೇನೆ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವನು, ಆ ಹುಚ್ಚು ಬಿಟ್ಟಿರಲಿಲ್ಲ. ಆದರೆ ನಮ್ಮೂರಿನ ಅಂಕಣಕ್ಕೆ ಸಂಜೆ ಹತ್ತು ಜನ ಯಾವತ್ತೂ ಸೇರಿದ್ದಿಲ್ಲ. ಒಬ್ಬನಿಗೆ ಅಂಗಡಿ, ಒಬ್ಬನಿಗೆ ಡ್ಯೂಟಿ, ಇನ್ನೊಬ್ಬನಿಗೆ ಕೆರೆಬಿಳಚಿಯಲ್ಲಿ ಮಾವನ ಮನೆ. ಇಬ್ಬರು ಮಾತ್ರ ಬಂದೇ ಬರುತ್ತಿದ್ದರು. ಇಬ್ಬರೇ ಇದ್ದರೆ ಇಬ್ಬರೇ ಆಡಲಿ ಎಂದು ಒಂದು ಸಂಜೆ ಅವರನ್ನು ಒಬ್ಬರ ಮೇಲೊಬ್ಬರು ಆಡಲು ಬಿಟ್ಟು, ಮದುವೆ ಕ್ಯಾಮೆರಾದಲ್ಲೇ ತೆಗೆದು, ಆನ್‌ಲೈನಿಗೆ ಹಾಕಿದೆ. ಮದುವೆಯ ವಿಡಿಯೊವನ್ನು ಮದುಮಕ್ಕಳೂ ಎರಡನೇ ಸಲ ನೋಡುವುದಿಲ್ಲ. ಇದನ್ನು ಹೊನ್ನಾಳಿಯವರು ನೋಡಿದರು. ನೋಡಿ ಕೆಳಗೆ ಬರೆದರು: "ಇವನೇನ್ ಆಡ್ತಾನ್ರೀ, ನಮ್ಮೂರಿಗೆ ಕಳಿಸ್ರಿ, ತೋರಿಸ್ತೀವಿ." ಕಳಿಸಿದೆ. ಆಮೇಲೆ ನ್ಯಾಮತಿ ಸೇರಿತು, ಅದರ ಹಿಂದೆ ಜಗಳೂರು. ಹೀಗೆ ನಾಲ್ಕು ಊರಿನ ಲೀಗ್ ಆಯಿತು. ಒಂದು ಬಾಲು, ಒಂದು ರಿಂಗು, ಇಬ್ಬರೇ ಆಟಗಾರರು, ಮೊದಲು ಹನ್ನೊಂದು ಪಾಯಿಂಟು ಮಾಡಿದವರು ಗೆದ್ದರು. ಹೆಣ್ಣುಮಕ್ಕಳಿಗೆ ಬೇರೆ ಪಟ್ಟಿ.

ರೆಫರಿಯದೇ ತಕರಾರು. ಚನ್ನಗಿರಿಯವನನ್ನು ಹೊನ್ನಾಳಿ ಒಪ್ಪದು, ಹೊನ್ನಾಳಿಯವನನ್ನು ಜಗಳೂರು ಒಪ್ಪದು. ಆಗ ರುದ್ರೇಶಪ್ಪ ಮೇಷ್ಟ್ರು ನಡುವೆ ಬಂದರು. ಹೊನ್ನಾಳಿ ಕಡೆಯ ಮುಕ್ಕಾಲು ಪಾಲು ಹುಡುಗರಿಗೆ ಓಡುವುದನ್ನು ಕಲಿಸಿದ ನಿವೃತ್ತ ಡ್ರಿಲ್ ಮೇಷ್ಟ್ರು ಅವರು. "ರೆಫರೀನೇ ಬ್ಯಾಡ. ಯಾರ ಕೈ ತಗುಲ್ತೈತೋ ಅವರೇ ಕೈ ಎತ್ತಿ 'ನಂದು' ಅನ್ಬೇಕು. ಹೊಡೆಸ್ಕೊಂಡೋರು ಬಾಯಿ ಬಿಡಂಗಿಲ್ಲ. ಬಿಟ್ರೆ ಚಾಡಿಕೋರ ಅಂತೀನಿ." ನಡೆಯುತ್ತದೆ ಎಂದು ನಾನು ನಂಬಿರಲಿಲ್ಲ. ನಡೆಯಿತು. ವಿಡಿಯೊವನ್ನು ಊರೆಲ್ಲ ನೋಡುತ್ತದೆ. ಕೈ ತಗುಲಿಸಿ ಸುಮ್ಮನಿದ್ದವನಿಗೆ ಮಾರನೇ ದಿನ ಟೀ ಅಂಗಡಿಯಲ್ಲಿ ಯಾರೂ ಬೆಂಚಿನ ಮೇಲೆ ಜಾಗ ಬಿಡುತ್ತಿರಲಿಲ್ಲ.

ಇದನ್ನು ಕೆಡಿಸಿದವನು ನಾನೇ. ಕಳೆದ ಫೈನಲ್ ನಮ್ಮೂರ ಹುಡುಗನಿಗೂ ಹೊನ್ನಾಳಿಯವನಿಗೂ ಬಿದ್ದಿತ್ತು. ಒಂಬತ್ತು–ಒಂಬತ್ತು ಆದಾಗ ಕ್ಯಾಮೆರಾ ಹಿಂದಿದ್ದ ನಾನು ತಡೆಯಲಾರದೆ, "ಅವನ ಎಡಗೈ ಸೋತೈತೆ, ಆ ಕಡೆಯಿಂದ ನುಗ್ಗೋ" ಎಂದುಬಿಟ್ಟೆ. ಅವನು ನುಗ್ಗಿದ, ಗೆದ್ದ. ಮನೆಗೆ ಬಂದು ಎಡಿಟ್ ಮಾಡುವಾಗ ನನ್ನ ದನಿ ಕೇಳಿ ನನಗೇ ನಾಚಿಕೆಯಾಯಿತು. ಅಷ್ಟನ್ನು ಕತ್ತರಿಸಿ ವಿಡಿಯೊ ಹಾಕಿದೆ. ಆದರೆ ಹೊನ್ನಾಳಿಯವರ ಫೋನಿನಲ್ಲಿ ಅದೆಲ್ಲ ಇತ್ತು. ಹೊನ್ನಾಳಿ ಲೀಗ್ ಬಿಟ್ಟಿತು. ನ್ಯಾಮತಿಯವರೂ, "ಅವರಿಲ್ದ ಮ್ಯಾಲೆ ನಾವ್ಯಾಕೆ" ಎಂದು ಕೂತರು. ಉಳಿದದ್ದು ಎರಡು ಊರು. ಎರಡು ಊರಿನದನ್ನು ಲೀಗ್ ಎನ್ನುವುದಿಲ್ಲ, ಜಗಳ ಎನ್ನುತ್ತಾರೆ.

ಅಷ್ಟರಲ್ಲಿ ಮನಿಲಾದಿಂದ ಒಂದು ಮೆಸೇಜು ಬಂತು. ಬರೆದವನು ಜುನ್ ಎಂಬುವನು. ಅವನೂ ತನ್ನ ಗಲ್ಲಿಯಲ್ಲಿ ಇಬ್ಬಿಬ್ಬರ ಆಟವನ್ನು ವಿಡಿಯೊ ಮಾಡಿ ಹಾಕುವವನು. ನಮ್ಮ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಗೆದ್ದ ಸುಜಾತಳ ಆಟ ನೋಡಿದ್ದನಂತೆ. ಕರೆದುಕೊಂಡು ಬನ್ನಿ, ನಮ್ಮ ಗ್ರೇಸ್ ಜೊತೆ ಆಡಲಿ, ಓಡಾಟದ ಖರ್ಚು ನಮ್ಮ ಚಾನೆಲ್ಲಿನದು ಎಂದ. ನಾನು ಕುಣಿದಾಡಿ, ಆ ಮೆಸೇಜನ್ನು ಹಿಡಿದು ನೇರ ಹೊನ್ನಾಳಿಗೆ ಹೋದೆ.

ಮೇಷ್ಟ್ರು ಕನ್ನಡಕ ಹಾಕಿ ಎರಡು ಸಲ ಓದಿದರು. "ಸುಜಾತ ಹೋಗ್ಲಿ. ಆಕೆ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದ್ರೆ ಅನ್ವರ್ ಸಾಹೇಬ್ರೇ, ಆಟ ಲೈವ್ ಬರ್ಬೇಕು. ಕತ್ತರಿ ಇಲ್ಲ. ಮತ್ತೆ ನೀವು ಬಾಯಿ ಬಿಡಂಗಿಲ್ಲ. ಶುರುವಾದಾಗ್ಲಿಂದ ಮುಗಿಯೋತನಕ ಒಂದೇ ಒಂದು ಮಾತೂ ಆಡಂಗಿಲ್ಲ. ನಮ್ಮೂರ ಹಾಲ್‌ನಾಗೆ ಪರದೆ ಹಾಕಿ ಎಲ್ಲಾರೂ ಕುಂತು ನೋಡ್ತೀವಿ. ಸರಿ ಅನ್ನಿಸಿದ್ರೆ ಲೀಗಿಗೆ ಬರ್ತೀವಿ, ಇಲ್ಲಾಂದ್ರೆ ಮುಗೀತು."

"ಆಗ್ಲಿ ಮೇಷ್ಟ್ರೇ, ಒಂದು ಮಾತೂ ಆಡಲ್ಲ," ಎಂದೆ.

"ನೋಡಾಣ," ಎಂದರು.

ಕೌಲಾಲಂಪುರದ ವಿಮಾನ ನಿಲ್ದಾಣ

ಸುಜಾತ ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು, ಊರೂರಿಗೆ ಟಪಾಲು ಹಂಚುವ ಕೆಲಸ. ಬಿಸಿಲಿನಲ್ಲಿ ಸೈಕಲ್ ತುಳಿದು ತುಳಿದು ಕಾಲು ಗಟ್ಟಿಯಾದವಳು. ಮಾತು ಕಮ್ಮಿ, ಮೂಗಿನ ತುದಿಯಲ್ಲಿ ಕೋಪ. ಅವಳ ತಾಯಿ ನನಗೆ ಖಡಾಖಂಡಿತ ಹೇಳಿದ್ದರು: "ನಿಮ್ಮ ಮನೆಯೋರು ಬಂದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ." ಹಾಗಾಗಿ ನನ್ನ ಹೆಂಡತಿ ಶಮೀಮಳೂ ಹೊರಟಳು. ಶಮೀಮಳಿಗೆ ಬಾಸ್ಕೆಟ್‌ಬಾಲ್ ಎಂದರೆ ಒಂದು ಬುಟ್ಟಿಗೆ ಇಬ್ಬರು ಹೊಡೆದಾಡುವುದು, ಅಷ್ಟೇ. ಆದರೆ ವಿಮಾನ ಎಂದಾಗ ಕಣ್ಣರಳಿತು.

ಕೌಲಾಲಂಪುರದಲ್ಲಿ ವಿಮಾನ ಬದಲಿಸುವಾಗ ನಮ್ಮ ಚೀಲವನ್ನು ಪಕ್ಕಕ್ಕೆ ಎಳೆದರು. ಆಫೀಸರಮ್ಮ ಒಂದೊಂದೇ ಹೊರಗೆ ತೆಗೆದಳು: ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಗಾಳಿ ಬಿಟ್ಟು ಚಪ್ಪಟೆ ಮಾಡಿದ ಬಾಲು, ಗಾಳಿ ಹೊಡೆಯುವ ಪಂಪು. ಪಂಪಿನ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಬೆವೆತೆ. ಸುಜಾತ ನನ್ನನ್ನು ಸರಿಸಿ, ಪಂಪು ತೆಗೆದುಕೊಂಡು, ಅಲ್ಲೇ ಕೂತು ಬಾಲಿಗೆ ಗಾಳಿ ಹೊಡೆದಳು. ನೆಲಕ್ಕೆ ಒಮ್ಮೆ ಪುಟಿಸಿ ಆಫೀಸರಮ್ಮನ ಕೈಗೆ ಕೊಟ್ಟಳು. ಆಕೆ ತಾನೂ ಎರಡು ಸಲ ಪುಟಿಸಿದಳು, ನಕ್ಕಳು, ಎಲ್ಲವನ್ನೂ ವಾಪಸು ತುಂಬಿದಳು. ಚಟ್ನಿಪುಡಿಯನ್ನು ಮೂಸಿ ನೋಡಿ ಸೀನಿದ್ದು ಬೇರೆ ಮಾತು.

"ನೋಡ್ರಿ, ಬಾಯಿ ಬಿಡದೇನೇ ಕೆಲಸ ಆಯ್ತು," ಎಂದಳು ಶಮೀಮ್. "ನೀವೂ ಈಗ್ಲಿಂದ್ಲೇ ಅಭ್ಯಾಸ ಮಾಡ್ಕೊಳ್ರಿ. ಮನೆಯಾಗೆ ಟಿವಿ ಮುಂದೆ ಕೂತ್ರೂ ಆಟಗಾರರಿಗೆ ಬುದ್ಧಿ ಹೇಳೋರು ನೀವು."

ಅವಳು ಹೇಳಿದ್ದು ನಿಜ. ಮುಂದಿನ ವಿಮಾನದಲ್ಲಿ ಅವಳು ಕಿಟಕಿಯಿಂದ ಕಂಡ ಮೋಡ, ಸಮುದ್ರ, ರೆಕ್ಕೆ, ಎಲ್ಲದರ ಬಗ್ಗೆ ಮಾತಾಡಿದಳು. ನಾನು ತುಟಿ ಒತ್ತಿಕೊಂಡು ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಮುಂದಿನ ಸೀಟಿನವನು ಬೆಲ್ಟು ಹಾಕುವ ಕ್ರಮ ತಪ್ಪಿದ್ದನ್ನು ನೋಡಿ ಅವನಿಗೆ ಹೇಳಿಕೊಟ್ಟೆ. ಸುಜಾತ ನನ್ನ ಮುಖ ನೋಡಿ ಆ ಕಡೆ ತಿರುಗಿದಳು.

ಮನಿಲಾ, ಮೊದಲ ದಿನ

ನಮ್ಮ ಕಡೆ ಯಾವ ಗಲ್ಲಿಗೆ ಹೋದರೂ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಮೂರು ವಿಕೆಟ್ ಇರುತ್ತವೆ. ಮನಿಲಾದಲ್ಲಿ ಆ ಜಾಗಕ್ಕೆ ರಿಂಗು. ತೆಂಗಿನ ಮರಕ್ಕೆ ಮೊಳೆ ಹೊಡೆದ ರಿಂಗು, ಕರೆಂಟ್ ಕಂಬಕ್ಕೆ ಕಟ್ಟಿದ ರಿಂಗು, ಬಟ್ಟೆ ಒಣಗಿಸುವ ಹಗ್ಗದ ಮೇಲಿನ ರಿಂಗು. ಹವಾಯಿ ಚಪ್ಪಲಿ ಹಾಕಿಕೊಂಡೇ ಎಗರಿ ಎಗರಿ ಹಾಕುತ್ತಾರೆ. ಮೂರು ಗಾಲಿಯ ಗಾಡಿ ಬಂದರೆ ಆಟ ನಿಲ್ಲಿಸಿ ದಾರಿ ಬಿಡುತ್ತಾರೆ. ಗಾಡಿಯವನು ಹಾರ್ನ್ ಹೊಡೆಯುವುದಿಲ್ಲ, ಇವರು ಬೈಯುವುದಿಲ್ಲ. ನನಗಂತೂ ಹೊಟ್ಟೆಕಿಚ್ಚಾಯಿತು. ಹತ್ತು ಜನ ಸೇರುವುದಿಲ್ಲ ಎಂದು ನಾನು ಇಬ್ಬರ ಆಟ ಮಾಡಿದೆ. ಇಲ್ಲಿ ಇಪ್ಪತ್ತು ಜನ ಸರದಿಗೆ ಕಾದು ನಿಲ್ಲುತ್ತಾರೆ.

ಜುನ್ ಐವತ್ತರ ಆಸುಪಾಸಿನ ದುಂಡು ಮನುಷ್ಯ. ಹೌದು ಎನ್ನಲು ಅವನು ಬಾಯಿ ತೆರೆಯುವುದಿಲ್ಲ, ಹುಬ್ಬು ಮೇಲೆತ್ತುತ್ತಾನೆ. ದಾರಿ ತೋರಿಸಲು ಬೆರಳು ಬಳಸುವುದಿಲ್ಲ, ತುಟಿ ಮುಂದೆ ಮಾಡುತ್ತಾನೆ. ಮೊದಲ ದಿನ ನಾನು ಊಟವಾಯಿತೇ, ನೆಟ್‌ವರ್ಕ್ ಚೆನ್ನಾಗಿದೆಯೇ, ಮಳೆ ಬರುತ್ತದೆಯೇ ಎಂದು ಕೇಳಿದ್ದಕ್ಕೆಲ್ಲ ಅವನು ಹುಬ್ಬು ಎತ್ತಿದ. ಅವನಿಗೆ ನನ್ನ ಪ್ರಶ್ನೆ ಅರ್ಥವಾಗದೆ ಆಶ್ಚರ್ಯ ಪಡುತ್ತಿದ್ದಾನೆ ಎಂದುಕೊಂಡು ಮತ್ತೆ ಮತ್ತೆ ಕೇಳಿದೆ. ಕೊನೆಗೆ ಶಮೀಮ್ ಹೇಳಿದಳು: "ಆಗ್ಲಿಂದ ಹೂಂ ಅಂತಿದಾನ್ರೀ ಪಾಪ, ಬಿಡ್ರಿ ಅವನ್ನ."

ಊಟದ ಚಿಂತೆ ಶಮೀಮಳದು. ಹಂದಿ ಮುಟ್ಟದ ಪಾತ್ರೆ ಬೇಕು ಎಂದು ಜುನ್‌ಗೆ ಹೇಗೆ ಹೇಳುವುದೆಂದು ಇಡೀ ದಾರಿ ಒದ್ದಾಡಿದ್ದಳು. ಜುನ್ ಅದನ್ನು ಮೊದಲೇ ಯೋಚಿಸಿ, ಎರಡು ಗಲ್ಲಿ ಆಚೆಯ ಮುಸ್ಲಿಂ ಮನೆಯಿಂದ ಹುರಿದ ಮೀನು, ಅನ್ನ ತರಿಸಿಟ್ಟಿದ್ದ. ಮೂರು ಹೊತ್ತೂ ಅನ್ನ. ಸುಜಾತ ರೊಟ್ಟಿ ಬಿಚ್ಚಿ ಮೀನಿನ ಜೊತೆ ತಿಂದಳು.

ಆಗಲೇ ಗ್ರೇಸ್ ಬಂದದ್ದು. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ, ತೋಳಿನ ಮೇಲೆ ಹಿಟ್ಟಿನ ಬಿಳುಪು ಇನ್ನೂ ಹೋಗಿರಲಿಲ್ಲ. ಬಿಸಿ ಬನ್ನಿನ ಪೊಟ್ಟಣ ನಮ್ಮ ಮುಂದಿಟ್ಟು, ಸುಜಾತಳನ್ನು ಮೇಲಿನಿಂದ ಕೆಳಗೆ ನೋಡಿದಳು. ಸುಜಾತಳೂ ನೋಡಿದಳು. ಗ್ರೇಸ್ ಒಂದು ತುಂಡು ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ಬಾಯಿಗೆ ಹಾಕಿಕೊಂಡಳು, ಕಣ್ಣಲ್ಲಿ ನೀರು ಬಂದರೂ ಉಗುಳಲಿಲ್ಲ.

"ಗಟ್ಟಿ ಹುಡುಗಿ ಐತಣ್ಣ ಇದು," ಎಂದಳು ಸುಜಾತ.

ಎರಡನೇ ದಿನ

ಆಟ ನಡೆಯುವ ಜಾಗ ಆ ಬಡಾವಣೆಯ ತಗಡಿನ ಚಾವಣಿಯ ಅಂಕಣ. ಅಲ್ಲಿ ನನಗೆ ಹಿಡಿದ ದೆವ್ವ ನೆಟ್‌ವರ್ಕಿನದು. ಒಂದು ಮೂಲೆಯಲ್ಲಿ ನಾಲ್ಕು ಕಡ್ಡಿ ಸಿಗ್ನಲ್, ಎರಡು ಹೆಜ್ಜೆ ಸರಿದರೆ ಒಂದೇ ಕಡ್ಡಿ. ನಾನು ಫೋನು ಎತ್ತಿ ಹಿಡಿದು ಅಂಕಣದ ಸುತ್ತ ಸುತ್ತಿದೆ. ಸುಜಾತ ಆ ಕೊನೆಯ ರಿಂಗಿಗೆ ಬಾಲು ಹಾಕುತ್ತಿದ್ದಳು.

ಜುನ್ ನನ್ನ ಹಿಂದೆ ಹಿಂದೆ ನಡೆಯುತ್ತಾ ಇಂಗ್ಲಿಷಿನಲ್ಲಿ ನಿಯಮ ಹೇಳುತ್ತಿದ್ದ. ನನ್ನ ಕಣ್ಣು ಫೋನಿನಲ್ಲಿ, ತಲೆ ಆಡಿಸುತ್ತಿದ್ದದ್ದು ಮಾತ್ರ ಅವನ ಕಡೆಗೆ. ಹನ್ನೊಂದಕ್ಕೆ ಆಟ, ಗೆರೆ ಇಲ್ಲಿ, ಬಾಲು ಹೊರಗೆ ಹೋದರೆ ಹೀಗೆ, ಫೌಲ್ ಆದರೆ ಹಾಗೆ. "ಸೇಮ್ ಸೇಮ್," ಎಂದೆ. ಅವನು ಮತ್ತೇನೋ ಕೇಳಿದ. "ಸೇಮ್ ಸೇಮ್, ನೋ ಪ್ರಾಬ್ಲಂ," ಎಂದೆ. ಬಾಸ್ಕೆಟ್‌ಬಾಲ್ ಎಲ್ಲಿ ಆಡಿದರೂ ಬಾಸ್ಕೆಟ್‌ಬಾಲೇ ತಾನೆ? ನಮ್ಮ ಮೇಷ್ಟ್ರು ಹೊನ್ನಾಳಿಯಲ್ಲಿ ಕೂತು ಮಾಡಿದ ನಿಯಮ ಜಗತ್ತಿನಲ್ಲಿ ಇನ್ನೆಲ್ಲೂ ಇರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಲ್ಕು ವರ್ಷ ಅದನ್ನೇ ನೋಡಿ ಆಟ ಎಂದರೆ ಅದೇ ಎಂದಾಗಿತ್ತು.

ಸಿಗ್ನಲ್ ಸಿಕ್ಕ ಮೂಲೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ಐದು ನಿಮಿಷ ಪರೀಕ್ಷೆಗೆ ಲೈವ್ ಹಾಕಿದೆ. ಶಮೀಮ್ ಪಕ್ಕದಲ್ಲಿ ನಿಂತು ಬನ್ನು ತಿನ್ನುತ್ತಾ ಗ್ರೇಸ್‌ಳ ಬೇಕರಿಯ ಬಗ್ಗೆ ಹೇಳುತ್ತಿದ್ದಳು. ಹೊನ್ನಾಳಿಯಿಂದ ಮೇಷ್ಟ್ರ ಸಾಲು ಬಂತು: "ಚಿತ್ರ ಕಾಣ್ತೈತೆ. ದನಿ ಬಲು ಚೆನ್ನಾಗಿ ಕೇಳ್ತೈತೆ."

ದನಿ ಬಲು ಚೆನ್ನಾಗಿ ಕೇಳುತ್ತದೆ ಎಂದರೆ ಯಾರಾದರೂ ಖುಷಿ ಪಡಬೇಕು. ನಾನು ಫೋನಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು.

ಆಟದ ದಿನ

ಸಂಜೆ ನಾಲ್ಕೂವರೆ. ಹೊನ್ನಾಳಿಯಲ್ಲಿ ಆಗ ಮಧ್ಯಾಹ್ನ ಎರಡು. ಲೈವ್ ಒತ್ತಿದೆ. ನೋಡುವವರ ಹೆಸರುಗಳು ಇಳಿಯತೊಡಗಿದವು: ಚನ್ನಗಿರಿ, ಬಿಳಿಚೋಡು, ನ್ಯಾಮತಿ, ಗೋವಿನಕೋವಿ. ಆಮೇಲೆ 'ಹೊನ್ನಾಳಿ ಹಾಲ್' ಎಂಬ ಹೆಸರು ಬಂತು. ನಾನು ಶಮೀಮಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟೆ. ಅವಳೂ ಇಟ್ಟಳು. ಅಲ್ಲಿಂದ ಮುಂದೆ ನಾವಿಬ್ಬರೂ ಮೂಕರು.

ಸುಜಾತ ಚೆನ್ನಾಗಿಯೇ ಶುರು ಮಾಡಿದಳು. ಮೂರು–ಮೂರರವರೆಗೆ ಸಮ. ನಡುವೆ ಅವಳ ಕೈ ಗ್ರೇಸ್‌ಳ ಮಣಿಕಟ್ಟಿಗೆ ತಗುಲಿತು. "ನಂದು" ಎಂದು ಕೈ ಎತ್ತಿದಳು. ಅದೇ ಗಳಿಗೆಗೆ ಗ್ರೇಸ್ ಕೂಡ ಏನೋ ಕೂಗಿದಳು. ಬಾಲು ಗ್ರೇಸ್‌ಗೆ ಹೋಯಿತು. ನನಗೇನೂ ಅನುಮಾನ ಬರಲಿಲ್ಲ.

ಆಮೇಲೆ ಗ್ರೇಸ್‌ಳ ಭುಜ ಸುಜಾತಳ ಎದೆಗೆ ಬಡಿಯಿತು. ಗ್ರೇಸ್ ಆಟ ನಿಧಾನ ಮಾಡಿ ಸುಜಾತಳ ಮುಖವನ್ನೇ ನೋಡಿದಳು. ಕೈ ಎತ್ತಲಿಲ್ಲ. ಸುಜಾತ ಏನೂ ಅನ್ನದೆ ಬಾಲಿನ ಹಿಂದೆ ಓಡಿದಳು. ಇನ್ನೊಮ್ಮೆ ಮೊಣಕೈ. ಮತ್ತೆ ಗ್ರೇಸ್ ನಿಂತು ನೋಡಿದಳು, ಮತ್ತೆ ಕೈ ಎತ್ತಲಿಲ್ಲ. ಎಂಥ ಹುಡುಗಿ ಇವಳು, ಹೊಡೆದು ಹೊಡೆದು ಮುಖ ಬೇರೆ ನೋಡುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಸುಜಾತ ಮಾತ್ರ ಬೆರಳ ತುದಿ ಸೋಕಿದರೂ "ನಂದು" ಎನ್ನುತ್ತಿದ್ದಳು, ಬಾಲು ಕೊಡುತ್ತಿದ್ದಳು. ಐದು–ಎಂಟು ಆಯಿತು.

ಆಗ ಪಾಯಿಂಟು ಬರೆಯುತ್ತಿದ್ದ ಜುನ್ ಮೆಲ್ಲಗೆ ನನ್ನ ಬಳಿ ಬಂದು ಕಿವಿಯಲ್ಲಿ ಕೇಳಿದ. ನಿಮ್ಮ ಹುಡುಗಿ ಯಾಕೆ ಫೌಲ್ ಕೇಳುವುದಿಲ್ಲ? ನಮ್ಮಲ್ಲಿ ಹೊಡೆಸಿಕೊಂಡವರು ಕೇಳಬೇಕು, ಕೇಳಿದರೆ ಕೊಡುತ್ತೇವೆ, ನಿನ್ನೆ ಹೇಳಿದೆನಲ್ಲ. ಬೇಕೆಂದೇ ಬಿಡುತ್ತಿದ್ದಾಳಾ? ಅಷ್ಟು ಕೇಳಿ ಅವನು ತನ್ನ ಹಲಗೆಗೆ ಓಡಿದ.

ಯಾ ಅಲ್ಲಾ! ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಸೇಮ್ ಸೇಮ್ ಎಂದವನು ನಾನು. ನಮ್ಮಲ್ಲಿ ಹೊಡೆದವರು ಹೇಳಬೇಕು, ಹೊಡೆಸಿಕೊಂಡವರು ಸುಮ್ಮನಿರಬೇಕು. ಇಲ್ಲಿ ಹೊಡೆದವರು ಕಾಯುತ್ತಾರೆ, ಹೊಡೆಸಿಕೊಂಡವರು ಹೇಳಬೇಕು. ಸುಜಾತ ಅಲ್ಲಿಯ ನಿಯಮದಲ್ಲೂ ಬಾಲು ಕಳೆದುಕೊಳ್ಳುತ್ತಿದ್ದಾಳೆ, ಇಲ್ಲಿಯ ನಿಯಮದಲ್ಲೂ ಕಳೆದುಕೊಳ್ಳುತ್ತಿದ್ದಾಳೆ. ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆ ಒಂದು ಮಾತು ಹೊನ್ನಾಳಿಯ ಹಾಲಿಗೆ ಕೇಳುತ್ತದೆ. ನೋಡಿದ್ರಾ, ಮತ್ತೆ ಶುರು ಮಾಡಿದ ಎನ್ನುತ್ತಾರೆ. ನಾಲ್ಕು ವರ್ಷ ಕಟ್ಟಿದ್ದು ಅಲ್ಲಿಗೆ ಮುಗಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶಮೀಮ್ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದಳು. ನನ್ನ ಅಂಗಿಯ ತೋಳು ಹಿಡಿದುಕೊಂಡಳು. ನಾನು ಕೆಳತುಟಿ ಕಚ್ಚಿಕೊಂಡೆ.

ಸುಜಾತ ಬಿಡಲಿಲ್ಲ. ಗಾಳಿಗೆ ಎದುರು ಸೈಕಲ್ ತುಳಿಯುವವಳ ಹಾಗೆ ತಲೆ ತಗ್ಗಿಸಿ ನುಗ್ಗಿದಳು. ಏಳು–ಎಂಟು. ಎಂಟು–ಒಂಬತ್ತು. ದೂರದಿಂದ ಒಂದು ಎತ್ತಿ ಹಾಕಿದಳು, ಒಂಬತ್ತು–ಒಂಬತ್ತು. ತಗಡಿನ ಚಾವಣಿ ಗಡಗಡ ಎನ್ನುವ ಹಾಗೆ ಅಲ್ಲಿಯ ಜನ ಅವಳಿಗೆ ಚಪ್ಪಾಳೆ ಹೊಡೆದರು. ಬಾಲು ಮತ್ತೆ ಅವಳ ಕೈಗೆ ಬಂತು. ಎಡಕ್ಕೆ ಹೊರಳಿದಳು, ಗ್ರೇಸ್‌ಳ ಮೊಣಕೈ ಅವಳ ಪಕ್ಕೆಗೆ ಜೋರಾಗಿ ಬಿತ್ತು. ಸುಜಾತ ಒಂದು ಮಂಡಿಯೂರಿದಳು, ಬಾಲು ಪುಟಿಸುವುದು ಬಿಡಲಿಲ್ಲ, ಎದ್ದಳು. ಗ್ರೇಸ್ ಎರಡೂ ಕೈ ಇಳಿಬಿಟ್ಟು ನಿಂತೇ ಬಿಟ್ಟಿದ್ದಳು, ಕೇಳು ಮಾರಾಯ್ತಿ ಎನ್ನುವ ಹಾಗೆ.

"ಸುಜಾತಾ, ಇಲ್ಲಿ ಹೊಡೆಸ್ಕೊಂಡೋರೇ ಕೇಳ್ಬೇಕಮ್ಮಾ! ಕೇಳು! ಕೇಳು!"

ಕೂಗಿದವನು ನಾನು. ದನಿ ನನ್ನದೇ. ಅದು ಬಾಯಿಂದ ಹೊರಟದ್ದೇ ನನಗೆ ಗೊತ್ತಾಗಲಿಲ್ಲ.

ಸುಜಾತ ತಲೆ ಎತ್ತಿ ನನ್ನ ಕಡೆ ನೋಡಿದಳು. ಪುಟಿಸುತ್ತಿದ್ದ ಬಾಲು ಅವಳ ಪಾದಕ್ಕೆ ಬಡಿದು ಗೆರೆ ದಾಟಿತು. ಬಾಲು ಗ್ರೇಸ್‌ಗೆ ಹೋಯಿತು, ಅವಳು ಹಾಕಿದಳು. ಒಂಬತ್ತು–ಹತ್ತು.

ಕೊನೆಯದನ್ನು ಗ್ರೇಸ್ ಎಗರಿ ಹಾಕಲು ಹೋದಾಗ ಸುಜಾತ ಅವಳಿಗಿಂತ ಮೇಲಕ್ಕೆ ಎಗರಿ ಬಾಲನ್ನು ಹೊರಗೆ ತಟ್ಟಿದಳು. ಜನ ಹುಚ್ಚೆದ್ದು ಕೂಗಿದರು. ಜುನ್ ಕೂಡ ಹಲಗೆ ಬಿಟ್ಟು ಕುಣಿದ. ಗ್ರೇಸ್ ತಲೆ ಅಲ್ಲಾಡಿಸಿ ಭೇಷ್ ಎನ್ನುವ ಹಾಗೆ ನಕ್ಕಳು. ಸುಜಾತ ಕೆಳಗಿಳಿದು, ಉಸಿರು ಬಿಟ್ಟು, ಬಲಗೈ ಎತ್ತಿದಳು.

"ನಂದು."

ಯಾರೂ ನೋಡಿರಲಿಲ್ಲ. ಗ್ರೇಸ್‌ಗೇ ತಿಳಿದಿರಲಿಲ್ಲ. ಬೆರಳಿಗೆ ಬೆರಳು ತಗುಲಿತ್ತಂತೆ. ಬಾಲನ್ನು ತಾನೇ ಹೆಕ್ಕಿ ಗ್ರೇಸ್‌ಳ ಕೈಗೆ ಕೊಟ್ಟಳು. ಗ್ರೇಸ್ ಹಾಕಿದಳು. ಹನ್ನೊಂದು.

ಲೈವ್ ನಿಲ್ಲಿಸಿದೆ. ಸುಜಾತ ಬೆವರು ಒರೆಸುತ್ತಾ ನೇರ ನನ್ನ ಬಳಿ ಬಂದಳು.

"ಯಾಕ್ ಕೂಗಿದ್ರಣ್ಣ?"

"ನಿನಗೆ ಇಲ್ಲಿಯ ನಿಯಮ ಗೊತ್ತಿರ್ಲಿಲ್ಲವಲ್ಲಮ್ಮ. ನಾನೇ ನಿನ್ನೆ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ..."

"ಮೂರನೇ ಪಾಯಿಂಟಿಗೇ ಗೊತ್ತಾತು ನನಗೆ. ಆಕೆ ಕೇಳ್ತಿದ್ಲು, ಇಸ್ಕೊಳ್ತಿದ್ಲು. ಕಣ್ಣಿಲ್ವಾ ನನಗೆ? ಅಲ್ಲಿ ಹೊನ್ನಾಳಿಯೋರು ಕುಂತು ನೋಡಾಕೆ ಹತ್ಯಾರೆ. ನಾನು ಕೇಳಿ ಇಸ್ಕೊಂಡ್ರೆ ನಮ್ಮ ಆಟ ಏನು ಉಳೀತು ಹೇಳ್ರಿ?" ಅವಳ ದನಿ ಒಡೆಯಿತು. "ಗೆಲ್ತಿದ್ದೆ ಕಣಣ್ಣ. ನೀವು ಕೂಗಿದ್ದಕ್ಕೇ ಬಾಲು ಕಾಲಿಗೆ ಬಡೀತು."

 ನಿಂತಲ್ಲೇ ನೆಲಕ್ಕೆ ಇಳಿದುಹೋದೆ. ಶಮೀಮ್ ಅವಳನ್ನು ತಬ್ಬಿ ಕರೆದುಕೊಂಡು ಹೋದಳು.

ನಾನು ನಮ್ಮ ನಿಯಮವನ್ನು ಜುನ್‌ಗೆ ವಿವರಿಸಿದೆ, ಅವನು ಗ್ರೇಸ್‌ಗೆ ಹೇಳಿದ. ಅವಳು ಐಸು ತಂದು ಸುಜಾತಳ ಪಕ್ಕೆಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ಏನೋ ಲೆಕ್ಕ ಹಾಕಿದಳು. ಆಮೇಲೆ ಸುಜಾತಳ ಮುಂದೆ ಕೈ ಎತ್ತಿ, "ನಂದು" ಎಂದಳು. ಇಳಿಸಿದಳು, ಮತ್ತೆ ಎತ್ತಿದಳು. ನಾಲ್ಕು ಸಲ ಎತ್ತಿದಳು. ಸುಜಾತ ಅಳುತ್ತಲೇ ನಕ್ಕುಬಿಟ್ಟಳು. ನನ್ನ ಕಡೆ ಮಾತ್ರ ಆ ಸಂಜೆ ತಿರುಗಲಿಲ್ಲ.

ಹೊರಡುವ ಬೆಳಿಗ್ಗೆ

ಮೇಷ್ಟ್ರ ಫೋನು ಬಂದದ್ದು ನಾವು ಮನಿಲಾದ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಾಗ. ಎತ್ತಲು ಹೆದರಿಕೆ, ಎತ್ತದಿರಲೂ ಹೆದರಿಕೆ. ಶಮೀಮಳೇ ಒತ್ತಿ ಸ್ಪೀಕರ್ ಹಾಕಿದಳು.

"ಅನ್ವರ್ ಸಾಹೇಬ್ರಾ? ನೋಡಿದ್ವಿ ಕಣ್ರೀ. ಕುರ್ಚಿ ಸಾಲದೆ ನೆಲದ ಮ್ಯಾಲೆ ಕುಂತು ನೋಡಿದ್ವಿ."

"ಮೇಷ್ಟ್ರೇ, ತಪ್ಪಾಯ್ತು. ನಾನು ಕೊಟ್ಟ ಮಾತು..."

"ನೀವು ಸುಮ್ಕಿರ್ರಿ, ನಾನು ಹೇಳ್ತೀನಿ. ಆ ಹುಡುಗಿ ಕೊನೇ ಬಾಲಿಗೆ ಕೈ ಎತ್ತಿದ್ಲಲ್ಲ, ಹಾಲ್‌ನಾಗೆ ಒಬ್ರೂ ಉಸಿರು ಬಿಡ್ಲಿಲ್ಲ. ಅದನ್ನ ನೋಡಿದ ಮ್ಯಾಲೆ ಬರಲ್ಲ ಅನ್ನಾಕೆ ನಮ್ಮ ಹುಡುಗ್ರಿಗೆ ಮುಖ ಇಲ್ಲ. ಹೊನ್ನಾಳಿ ಬರ್ತೈತೆ. ನ್ಯಾಮತಿಯೋರಿಗೂ ಹೇಳೀನಿ, ಅವರೂ ಹೂಂ ಅಂದಾರೆ."

 ಸೂಟ್‌ಕೇಸಿನ ಮೇಲೆ ಕೂತೆ. ಉಳಿಯಿತು, ಉಳಿಯಿತು ಎಂದು ಒಳಗೇ ಅಂದುಕೊಂಡೆ.

"ಇನ್ನೊಂದು ಮಾತೈತೆ," ಎಂದರು ಮೇಷ್ಟ್ರು. "ಕ್ಯಾಮೆರಾ ಇನ್ನ ನೀವು ಹಿಡಿಯಂಗಿಲ್ಲ."

ಸಾಲು ಮುಂದೆ ಸರಿಯಿತು. ನಾನು ಸರಿಯಲಿಲ್ಲ.

"ಬೈತಿಲ್ಲ ನಾನು. ನಿಮಗೆ ಆಟದ ಮ್ಯಾಲೆ ಪ್ರೀತಿ ಐತೆ, ಒಪ್ಕೋತೀನಿ. ಆದ್ರೆ ಆ ಪ್ರೀತಿ ನಿಮ್ಮ ಬಾಯಿ ಕಾಯಂಗಿಲ್ಲ. ನಿಮ್ಮ ಮನೆಯೋರು ಅಷ್ಟೊತ್ತೂ ಪಕ್ಕದಾಗೇ ನಿಂತಿದ್ರಂತಲ್ಲ? ಸುಜಾತ ಹೇಳಿದ್ಲು. ಆಯಮ್ಮ ತುಟಿಪಿಟಕ್ ಅನ್ಲಿಲ್ಲ. ಆಯಮ್ಮನ ಕೈಗೆ ಕೊಡ್ರಿ. ನಾಕೂ ಊರು ಒಪ್ತಾವೆ."

"ಆಗ್ಲಿ ಮೇಷ್ಟ್ರೇ," ಎಂದೆ. ಅವರು ಹೇಳಿದ್ದು ಸರಿ ಎಂದು ನನಗೇ ಗೊತ್ತಿತ್ತು, ಅದಕ್ಕೇ ಅಷ್ಟು ನೋವಾಯಿತು. ನಾಲ್ಕು ವರ್ಷ ಬಿಸಿಲು ಮಳೆ ಎನ್ನದೆ ಆ ಆಟವನ್ನು ನಾನು ನೋಡಿದ್ದು ಕ್ಯಾಮೆರಾದ ಚೌಕದೊಳಗಿನಿಂದ. ಲೀಗು ಉಳಿಯಿತು, ನನ್ನ ಕೈಯಿಂದ ಹೋಯಿತು, ಎರಡೂ ಒಂದೇ ಫೋನಿನಲ್ಲಿ.

ವಿಮಾನದಲ್ಲಿ ಶಮೀಮ್ ಮೋಡ ನೋಡಲಿಲ್ಲ. ನನ್ನ ಫೋನು ಕೈಗೆ ತೆಗೆದುಕೊಂಡು, "ಎಲ್ಲಿ ಒತ್ತಬೇಕು, ಹೇಳ್ರಿ," ಎಂದಳು. ತೋರಿಸಿದೆ. ಬೆಳಕು ಕಮ್ಮಿಯಾದರೆ ಹೀಗೆ, ಬಾಲು ದೂರ ಹೋದರೆ ಹಾಗೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನಿಂತುಹೋಯಿತು. ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

ಆಚೆ ಸೀಟಿನಿಂದ ಸುಜಾತ ಬಗ್ಗಿ ನೋಡಿದಳು. ಆಟದ ಸಂಜೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಅಣ್ಣ, ನ್ಯಾಮತಿ ಅಂಕಣದ ಹಿಂದೆ ಬೇಲಿ ಇಲ್ಲ. ಬಾಲು ಚರಂಡಿಗೆ ಹೋದ್ರೆ ತರೋರು ಒಬ್ರು ಬೇಕು."

"ನಾನು ಬರ್ತೀನಮ್ಮ," ಎಂದೆ.

"ಬರ್ರಿ," ಎಂದಳು. "ದೂರ ನಿಂತ್ಕೊಳ್ರಿ."